ಮಳೆಗಾಲದ ಬಾವಿ ನೀರು: ಕುದಿಸೋದಾ, ಯುವಿಯಾ, ಬ್ಲೀಚಿಂಗಾ?

ನಮ್ಮದು ಉಡುಪಿ ಕಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಬಾವಿ. ಬೇಸಿಗೆಯಲ್ಲಿ ತಳ ಕಾಣುವಷ್ಟು ತಿಳಿ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಅಂಗಳದ ಕೆಂಪು ನೀರು, ಕಕ್ಕಸು ಗುಂಡಿಯ ಒಸರು ಎಲ್ಲವೂ ಅದಕ್ಕೇ ಸೇರುತ್ತದೆ. ಮುರಕಲ್ಲಲ್ಲಿ ತೂತು ಜಾಸ್ತಿ ಅಲ್ವಾ, ನೀರು ಸೋಸುವ ಮೊದಲೇ ಇಳಿದುಬಿಡುತ್ತದೆ.

ಮಲದ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಲು ಸಣ್ಣ ಪರೀಕ್ಷೆ ಬಾಟಲಿ ಸಿಗುತ್ತದೆ. ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ ಆಯ್ತು, ಕಪ್ಪಾದರೆ ನೀರು ಕೆಟ್ಟಿದೆ ಅಂತ. ಬಾವಿಯಿಂದ ನೇರ ತುಂಬಿಸಿದ್ದು ಮಸಿಯಂತೆ ಕಪ್ಪಾಯಿತು. ಕುದಿಸಿದ ಪಾತ್ರೆಯಿಂದ ತೆಗೆದದ್ದು ಹಾಗೇ ತಿಳಿಯಾಗಿತ್ತು. ಆದರೆ ಅದೇ ಕುದಿಸಿದ ನೀರು ಅಗಲ ಬಾಯಿಯ ಕೊಡದಲ್ಲಿ ಆರಿ, ಮನೆಯವರೆಲ್ಲ ಚೊಂಬು ಅದ್ದಿ ಕುಡಿದು, ಸಂಜೆ ಅದರಿಂದ ತುಂಬಿಸಿದ ಬಾಟಲಿ ಮತ್ತೆ ಕಪ್ಪು! ಈಗ ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ ಹಾಕುತ್ತೇವೆ, ಕೈ ಹಾಕುವ ಪ್ರಶ್ನೆಯೇ ಇಲ್ಲ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಗ್ಯಾಸ್ ಖರ್ಚು ಇದೆ, ರುಚಿ ಸಪ್ಪೆ. ಜೀರಿಗೆ ಹಾಕಿದರೆ ನಡೆಯುತ್ತದೆ.

ಯುವಿ ಯಂತ್ರ, ಅಂದರೆ ನೇರಳಾತೀತ ಬೆಳಕು ಬಿಟ್ಟು ರೋಗಾಣು ಕೊಲ್ಲುವಂಥದ್ದು, ಆರಾಮ, ಒಪ್ಪುತ್ತೇನೆ. ಆದರೆ ಕಲಕು ನೀರಿನಲ್ಲಿ ಬೆಳಕು ಒಳಗೆ ಹೋಗುವುದೇ ಇಲ್ಲ. ಮಳೆಗಾಲದಲ್ಲಿ ಯಂತ್ರಕ್ಕೆ ಮೊದಲು ನೀರು ಸೋಸುವ ಫಿಲ್ಟರ್ ಬೇಗ ಕೆಂಪಾಗಿ ಕಟ್ಟಿಕೊಳ್ಳುತ್ತದೆ. ಕರೆಂಟು ಹೋದರೆ ಅದೂ ಇಲ್ಲ, ಗಾಳಿಮಳೆಗೆ ನಮ್ಮಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಲ್ಲ.

ಆರ್‌ಒ (ಒತ್ತಡದಿಂದ ಸಣ್ಣ ಪೊರೆಯ ಮೂಲಕ ನೀರು ಸೋಸುವ ಯಂತ್ರ) ಬೇಡವೇ ಬೇಡ. ಅದರ ಮುಖ್ಯ ಕೆಲಸ ಲವಣ ತೆಗೆಯುವುದು, ನಮ್ಮ ನೀರಲ್ಲಿ ಲವಣವೇ ಕಡಿಮೆ. ಸುಮ್ನೆ ಅರ್ಧಕ್ಕಿಂತ ಜಾಸ್ತಿ ನೀರು ಚರಂಡಿಗೆ. ಸಮುದ್ರದ ಬದಿ ಮಲ್ಪೆ ಕಡೆ ಬಾವಿಗೆ ಉಪ್ಪು ನುಗ್ಗಿದವರ ವಿಷಯ ಬೇರೆ.

ಬ್ಲೀಚಿಂಗ್ ಪೌಡರ್ ಅಗ್ಗ. 1000 ಲೀಟರಿಗೆ ಸುಮಾರು 2.5 ಗ್ರಾಂ, ಅದೂ ಹೊಸ ಪುಡಿ. ಗಾಳಿಯಾಡಿದ ಹಳೇ ಪ್ಯಾಕೆಟ್‌ನಲ್ಲಿ ಶಕ್ತಿ ಇರುವುದಿಲ್ಲ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ. ಅರ್ಧ ಗಂಟೆಯಾದರೂ ಬಿಡಬೇಕು, ನಾವು ರಾತ್ರಿಯೇ ಹಾಕುತ್ತೇವೆ. ಇದರ ದೊಡ್ಡ ಗುಣ ಅಂದರೆ ಕ್ಲೋರಿನ್ ನೀರಲ್ಲೇ ಸ್ವಲ್ಪ ಉಳಿದು ಆಮೇಲೂ ಕೆಲಸ ಮಾಡುತ್ತದೆ, ಕುದಿಸಿದ್ದಕ್ಕೂ ಯುವಿಗೂ ಅದಿಲ್ಲ. ತೊಂದರೆ ಏನೆಂದರೆ ಕೆಸರಿದ್ದರೆ ಅರ್ಧ ಶಕ್ತಿ ಕೆಸರಿಗೇ ಖರ್ಚು, ಜೋರು ಮಳೆ ಬಂದರೆ ಮತ್ತೆ ಹಾಕಬೇಕು, ಕಾಫಿಗಂತೂ ಆ ವಾಸನೆ ಬಂದೇ ಬರುತ್ತದೆ.

ನಮ್ಮಲ್ಲಿ ಈಗ ಮಳೆಗಾಲಕ್ಕೆ ಬಾವಿಗೆ ಬ್ಲೀಚಿಂಗ್, ಕುಡಿಯಲು ಕುದಿಸಿದ್ದು. ನೀರು ತಿಳಿಯಾದ ಮೇಲೆ ಯುವಿ. ತುಂಬೆ ಅಣೆಕಟ್ಟಿನ ನಲ್ಲಿ ನೀರು ಬರುವ ಮಂಗಳೂರಿನವರಿಗೆ ಕ್ಲೋರಿನ್ ಹಾಕಿಯೇ ಬರುತ್ತದೆ, ಅಲ್ಲಿ ಯಂತ್ರ ಕೊಳ್ಳುವ ಮೊದಲು ಸಂಪಿನ ಮುಚ್ಚಳ ಎತ್ತಿ ಒಳಗೆ ಟಾರ್ಚ್ ಬಿಟ್ಟು ನೋಡಿ.