ಆರು ವರ್ಷದಿಂದ ಕಸ ಬೇರೆ ಮಾಡಿ ಕೊಡ್ತಿರೋನ ರಿವ್ಯೂ: ಹಸಿ ಕಸಕ್ಕೆ ನಾಲ್ಕೂವರೆ ಸ್ಟಾರ್, ಆಪ್‌ಗೆ ಒಂದು

ಕಸದ ಗಾಡಿಗೆ ರಿವ್ಯೂ ಬರೀತೀನಿ ಅಂದಾಗ ಮನೇಲಿ ಎಲ್ಲಾ ನಕ್ರು. ನಗ್ಲಿ ಬಿಡಿ. ಎರಡು ವರ್ಷ ಬಳಸೋ ಫೋನ್‌ಗೆ ರಾತ್ರಿಯೆಲ್ಲಾ ಕೂತು ವಿಮರ್ಶೆ ಓದ್ತೀವಿ, ವಾರಕ್ಕೆ ಮೂರು ದಿನ ಬಾಗಿಲಿಗೇ ಬರೋ ಈ ಸರ್ವೀಸ್ ಬಗ್ಗೆ ಬೈಗುಳ ಬಿಟ್ರೆ ಯಾರೂ ಏನೂ ಬರಿಯಲ್ಲ, ಅದೂ ತೆರಿಗೇಲಿ ದುಡ್ಡು ಕಟ್ಟಿರ್ತೀವಿ, ಇಷ್ಟ ಆಗ್ಲಿಲ್ಲ ಅಂತ ಬೇರೆ ಕಂಪನಿಗೆ ಪೋರ್ಟ್ ಆಗೋಕೂ ಆಗಲ್ಲ.

ವ್ಯವಸ್ಥೆ ಸಿಂಪಲ್. ಮೂರು ಬುಟ್ಟಿ. ಹಸಿ ಕಸ, ಒಣ ಕಸ, ಮೂರನೇದು ಡಯಾಪರ್, ಪ್ಯಾಡ್, ಗುಡಿಸಿದ ಧೂಳು ಅಂಥ ಎಲ್ಲೂ ಸೇರದ ಐಟಮ್‌ಗೆ. ಇದೇನೋ ಈಗಿನ ಫ್ಯಾಷನ್ ಅಂತ ಗೊಣಗೋರಿಗೆ ಒಂದು ಮಾತು, ಪ್ಯಾರಿಸ್‌ನಲ್ಲಿ ಪುಬೆಲ್ ಅನ್ನೋ ಅಧಿಕಾರಿ 1880ರ ದಶಕದಲ್ಲೇ ಮುಚ್ಚಳ ಇರೋ ಡಬ್ಬ ಇಡಿ, ಕೊಳೆಯೋದು ಬೇರೆ, ಕಾಗದ ಬಟ್ಟೆ ಬೇರೆ, ಗಾಜು ಪಿಂಗಾಣಿ ಬೇರೆ ಹಾಕಿ ಅಂತ ಆರ್ಡರ್ ಮಾಡಿದ್ದ. ಫ್ರೆಂಚ್‌ನಲ್ಲಿ ಕಸದ ಡಬ್ಬಕ್ಕೆ ಇವತ್ತಿಗೂ ಅವನ ಹೆಸರೇ. ಪಾಪ, ಏನು ಬಯಸಿದ್ನೋ ಏನು ಸಿಕ್ತೋ.

ಮೊದಲು ಹಸಿ ಕಸ, ಯಾಕಂದ್ರೆ ಇಡೀ ಸರ್ವೀಸ್‌ನಲ್ಲಿ ನಂಗೆ ನಿಜವಾಗ್ಲೂ ನಂಬಿಕೆ ಬಂದಿರೋ ಭಾಗ ಇದೊಂದೇ. ಸಿಪ್ಪೆ, ಉಳಿದಿದ್ದು ಪಳಿದಿದ್ದು ಎಲ್ಲಾ ಮಿಕ್ಸ್ ಆಗಿ ಗುಂಡಿಗೆ ಹೋಗಿ ಹೂತುಹೋದ್ರೆ ಗಾಳಿ ಸಿಗದೆ ಕೊಳೆತು ಮೀಥೇನ್ ಬರುತ್ತೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತೆ. ಅದೇ ಕಸವನ್ನ ಬೇರೆ ತಗೊಂಡು ಉದ್ದುದ್ದ ರಾಶಿ ಹಾಕಿ, ಒಣ ಎಲೆ ಬೆರೆಸಿ, ಆಗಾಗ ತಿರುವಿ ಹಾಕ್ತಿದ್ರೆ ಒಳಗಡೆ 55ರಿಂದ 65 ಡಿಗ್ರಿ ತನಕ ಕಾಯುತ್ತೆ, ಕಳೆ ಬೀಜ, ರೋಗದ ಕ್ರಿಮಿ ಎಲ್ಲಾ ಬೆಂದು ಹೋಗುತ್ತೆ, ಕೊನೆಗೆ ಗೊಬ್ಬರ. ನಮಗೆ ವರ್ಷಕ್ಕೆ ಎರಡು ಸಲ ಒಂದೊಂದು ಚೀಲ ಫ್ರೀ ಕೊಡ್ತಾರೆ. ಹೋದ ಸಲದ ಚೀಲ ಕುಂಡಕ್ಕೆ ಸುರಿದಾಗ ಕಪ್ಪು ಮಣ್ಣಿನ ಮಧ್ಯೆ ಸಣ್ಣ ಸ್ಟಿಕ್ಕರ್ ಒಂದು ಕಾಣಿಸ್ತು, ಉಗುರಲ್ಲಿ ಉಜ್ಜಿದ್ರೆ ನಂಬರ್ ಇನ್ನೂ ಓದೋ ಹಾಗಿತ್ತು, 4011. ಅದು ಬಾಳೆಹಣ್ಣಿಗೆ ಅಂಟಿಸೋ ನಂಬರ್. ಹಣ್ಣು, ಸಿಪ್ಪೆ, ತೊಟ್ಟು ಎಲ್ಲಾ ಕರಗಿ ಮಣ್ಣಾಗಿದೆ, ಸ್ಟಿಕ್ಕರ್ ಮಾತ್ರ ಮದುವೆಗೆ ಬಂದ ನೆಂಟನ ಥರ ಕೂತಿದೆ. ನಮ್ಮನೇದೇ ಇರ್ಬೋದೇನೋ ಅಂತ ಅವತ್ತಿಂದ ಸಿಪ್ಪೆ ಹಾಕೋ ಮುಂಚೆ ಕಿತ್ತು ಹಾಕ್ತೀನಿ.

ಕಷ್ಟ ಇಲ್ಲ ಅಂತಲ್ಲ. ಬಿಸಿಲಲ್ಲಿ ಒಂದು ದಿನ ಗಾಡಿ ತಪ್ತು ಅಂದ್ರೆ ಮಾರನೇ ಬೆಳಿಗ್ಗೆ ಮುಚ್ಚಳ ತೆಗೆಯೋಕೆ ಧೈರ್ಯ ಬೇಕು, ಹುಳ ನೋಡಿ ನಮ್ಮ ಹುಡುಗಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತ್ತು. ಈಗ ನೀರು ಬಸಿದು ಹಾಕ್ತೀನಿ, ತಳಕ್ಕೆ ಪೇಪರ್ ಹಾಸ್ತೀನಿ, ವಾಸನೆ ಅರ್ಧಕ್ಕರ್ಧ ಕಮ್ಮಿ. ಕಾಂಪೋಸ್ಟ್ ಆಗುತ್ತೆ ಅಂತ ಮಾರೋ ಹಸಿರು ಕವರ್ ತಂದಿದ್ದೆ, ಬೇಡ ಅಂದ್ರು. ಅದು ಕರಗೋಕೂ ಘಟಕದ ಬಿಸಿ, ಟೈಮು ಎಲ್ಲಾ ಸರಿಯಾಗಿ ಸಿಗಬೇಕು, ಅದೂ ಅಲ್ದೆ ಆರಿಸೋರಿಗೆ ಅದು ಮಾಮೂಲಿ ಪ್ಲಾಸ್ಟಿಕ್ ಥರನೇ ಕಾಣುತ್ತೆ, ಕಿತ್ತು ಬಿಸಾಕ್ತಾರೆ.

ಒಣ ಕಸಕ್ಕೆ ಮೂರೇ ಸ್ಟಾರ್. ಮೊದಲ ಎರಡು ವರ್ಷ ನಾನು ಬಾಣದ ತ್ರಿಕೋನ ಇದ್ರೆ ಸಾಕು, ತೊಳೆದು ಹಾಕ್ತಿದ್ದೆ, ಏನೋ ಪುಣ್ಯದ ಕೆಲಸ ಮಾಡಿದ ಫೀಲಿಂಗ್ ಬೇರೆ. ಆಮೇಲೆ ಗೊತ್ತಾಗಿದ್ದು, ಒಳಗಿರೋ 1ರಿಂದ 7ರ ನಂಬರ್ ಅದು ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳುತ್ತೆ ಅಷ್ಟೇ, 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರೇ ಮಾಡ್ಕೊಂಡಿದ್ದು. 1 ಅಂದ್ರೆ ನೀರಿನ ಬಾಟಲಿ ಥರದ್ದು, 2 ಅಂದ್ರೆ ಶಾಂಪೂ ಡಬ್ಬದ ಥರದ್ದು, ಇವಕ್ಕೆ ಕೊಳ್ಳೋರು ಇದಾರೆ, 7 ಅಂದ್ರೆ "ಇತರೆ". ಇತರೇನ ಯಾರ್ ತಗೋತಾರೆ ಹೇಳಿ.

ಒಂದ್ಸಲ ವಿಂಗಡಣೆ ಕೇಂದ್ರ ನೋಡೋಕೆ ಜನರನ್ನ ಬಿಟ್ಟಿದ್ರು, ಹೋಗಿದ್ದೆ. ಬೆಲ್ಟ್ ಮೇಲೆ ಕಸ ಹರೀತಿರುತ್ತೆ, ಮ್ಯಾಗ್ನೆಟ್ ಕಬ್ಬಿಣ ಎತ್ಕೊಳ್ಳುತ್ತೆ, ಇನ್ನೊಂದು ಮಷೀನ್ ಅಲ್ಯೂಮಿನಿಯಂ ಕ್ಯಾನ್‌ಗಳನ್ನ ಕಪ್ಪೆ ಥರ ಹಾರಿಸಿ ಆ ಕಡೆ ಬೀಳಿಸುತ್ತೆ, ನೋಡೋಕೇ ಮಜಾ. ಅದಿರಿಂದ ಹೊಸದಾಗಿ ಅಲ್ಯೂಮಿನಿಯಂ ಮಾಡೋದಕ್ಕಿಂತ ಹಳೇದು ಕರಗಿಸಿದ್ರೆ ಸುಮಾರು 95% ಕರೆಂಟು, ಇಂಧನ ಉಳಿಯುತ್ತೆ, ಅದಕ್ಕೇ ಕ್ಯಾನ್‌ಗೆ ಅಷ್ಟು ಮರ್ಯಾದೆ. ಕಪ್ಪು ಟ್ರೇಗೆ ಮರ್ಯಾದೆ ಇಲ್ಲ, ಪ್ಲಾಸ್ಟಿಕ್ ಗುರುತಿಸೋ ಇನ್‌ಫ್ರಾರೆಡ್ ಬೆಳಕನ್ನ ಅದರ ಮಸಿ ಬಣ್ಣ ನುಂಗಿಬಿಡುತ್ತೆ, ಮಷೀನ್ ಪಾಲಿಗೆ ಅದು ಇಲ್ಲವೇ ಇಲ್ಲ. ನಾವು ನಿಂತಿದ್ದ ಹಾಗೇ ಎಲ್ಲಾ ಗಕ್ಕಂತ ನಿಂತೋಯ್ತು. ತೆಳು ಕವರ್‌ಗಳು ತಿರುಗೋ ರೋಲರ್‌ಗೆ ಜಡೆ ಥರ ಸುತ್ಕೊಂಡಿದ್ವು, ಒಬ್ರು ಚಾಕು ಹಿಡ್ಕೊಂಡು ಒಳಗೆ ಇಳಿದು ಕೊಯ್ದು ಕೊಯ್ದು ತೆಗೆದ್ರು, ದಿನಾ ಹೀಗೇನಾ ಅಂದ್ರೆ ಸುಮ್ನೆ ನಕ್ರು. ಒಣ ಕಸ ಎಲ್ಲಾ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ನೀಟಾಗಿ ಗಂಟು ಹಾಕಿ ಕೊಡ್ತಿದ್ದೋನು ನಾನೇ.

ನನ್ನ ಬುಟ್ಟೀನೂ ಒಂದ್ಸಲ ರಿಜೆಕ್ಟ್ ಆಗಿದೆ. ಅರ್ಧ ಜ್ಯೂಸ್ ಉಳಿದಿದ್ದ ಬಾಟಲಿ ಒಳಗೇ ಉರುಳಿ ಎರಡು ವಾರದ ಪೇಪರ್ ಎಲ್ಲಾ ಒದ್ದೆ, ಹಿಡಿಕೆಗೆ ಕೆಂಪು ಚೀಟಿ ಕಟ್ಟಿ ಬಿಟ್ಟು ಹೋಗಿದ್ರು. ಆಗ ಸಿಟ್ಟು ಬಂದಿತ್ತು, ಆದ್ರೆ ಇಡೀ ಆರು ವರ್ಷದಲ್ಲಿ ನಂಗೆ ಉಪಯೋಗ ಆಗಿದ್ದು ಆ ಚೀಟಿನೇ, ಯಾಕಂದ್ರೆ ಕಾರಣ ಬರ್ದಿತ್ತು. ಮಿಕ್ಕಂತೆ ಇವರು ಏನೂ ಹೇಳಲ್ಲ! ಏನು ಹಾಕ್ಬೋದು ಅನ್ನೋ ಲಿಸ್ಟ್ ಮೂರು ಸಲ ಬದಲಾಗಿದೆ, ಯಾಕೆ ಅಂತ ಒಂದು ಸಾಲಿಲ್ಲ. ಚೀನಾ 2018ರಲ್ಲಿ ಹೊರಗಿನ ಪ್ಲಾಸ್ಟಿಕ್, ಪೇಪರ್ ಕಸಕ್ಕೆ ಬಾಗಿಲು ಹಾಕಿದ ಮೇಲೆ, ತಗೊಳ್ಳೋದಾದ್ರೂ ಕಲಬೆರಕೆ 0.5% ದಾಟಬಾರ್ದು ಅಂದ ಮೇಲೆ ಎಷ್ಟೋ ದೇಶಗಳ ಮಾರ್ಕೆಟ್ಟೇ ತಲೆಕೆಳಗಾಯ್ತು, ಕೊಳ್ಳೋರು ಇಲ್ದೆ ಇರೋದನ್ನ ಸಂಸ್ಥೆಯವರು ಎಲ್ಲಿಡ್ತಾರೆ, ನಂಗೂ ಅರ್ಥ ಆಗುತ್ತೆ. ಅದನ್ನೇ ಬರೆದು ತಿಳಿಸೋಕೆ ಏನಂತೆ?

ಬ್ಯಾಟರಿ ವಿಷ್ಯ ಇನ್ನೂ ಸರಿ ಹೋಗಿಲ್ಲ. ಒತ್ತಿ ತುಂಬೋ ಗಾಡೀಲಿ ಲಿಥಿಯಂ ಬ್ಯಾಟರಿ ನಜ್ಜಾದ್ರೆ ಬೆಂಕಿ ಹತ್ತುತ್ತೆ, ಹಾಕ್ಬೇಡಿ ಅಂತಾರೆ, ಸರಿ, ಮತ್ತೆ ಯಾರಿಗೆ ಕೊಡೋದು? ವರ್ಷಕ್ಕೆ ಎರಡು ದಿನ ಮಾತ್ರ ಕಲೆಕ್ಷನ್. ಬಿಸ್ಕೆಟ್ ಡಬ್ಬ ತುಂಬಾ ತುದಿಗೆ ಟೇಪ್ ಸುತ್ತಿದ ಬ್ಯಾಟರಿ ಇಟ್ಕೊಂಡಿದೀನಿ, ಸಾಲದ್ದಕ್ಕೆ ಊದಿರೋ ಫೋನ್ ಬ್ಯಾಟರಿ ಒಂದು ನಮ್ಮನೆ ಹೊರಗಿದೆ.

ಗಾಡಿಯವರಿಗೆ ಐದಕ್ಕೆ ಐದು, ಅದ್ರಲ್ಲಿ ಮಾತಿಲ್ಲ. ಆಪ್‌ಗೆ ಕೊಟ್ಟ ಒಂದು ಸ್ಟಾರ್ ಕೂಡ ಸೊನ್ನೆ ಒತ್ತೋಕೆ ಆಗಲ್ಲ ಅಂತ. ಹಸಿ ಕಸದ ಬುಟ್ಟಿ ಮುಚ್ಚಳದ ಕೊಂಡಿ ಮುರಿದು ನಾಲ್ಕು ತಿಂಗಳಾಯ್ತು, ಕಂಪ್ಲೇಂಟ್ ಕೊಟ್ಟ ಮೂರನೇ ದಿನಕ್ಕೇ "ಪರಿಹರಿಸಲಾಗಿದೆ" ಅಂತ ಹಸಿರು ಟಿಕ್ ಬಂತು. ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟಿದೀನಿ. ಗಾಡಿಯವರು ಖಾಲಿ ಮಾಡಿ, ಇಟ್ಟಿಗೇನ ವಾಪಸ್ ಅದೇ ಜಾಗಕ್ಕೆ ಇಟ್ಟು ಹೋಗ್ತಾರೆ.