ಟಿಗ್ರಾನ್ ಹಮಾಸ್ಯಾನ್: ಮೂರು ಸಿಡಿ ಕೊಂಡು ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅರ್ಮೇನಿಯಾದ ಜಾಜ್ ಪಿಯಾನೋ ವಾದಕ ಟಿಗ್ರಾನ್ ಹಮಾಸ್ಯಾನ್ ಅವರ ಒಂದೇ ಒಂದು ಸಿಡಿಗೆ ದುಡ್ಡಿದೆ ಅಂದರೆ 2017ರ 'ಆ್ಯನ್ ಏನ್‌ಷಿಯಂಟ್ ಅಬ್ಸರ್ವರ್' ಕೊಳ್ಳಿ. ನಾನು ಅದನ್ನು ಮೂರನೆಯದಾಗಿ ಕೊಂಡೆ. ಮೊದಲೇ ಅದನ್ನು ಕೊಂಡಿದ್ದರೆ ಸುಮಾರು 4,000 ರೂಪಾಯಿ ಉಳಿಯುತ್ತಿತ್ತು.

ಆಗಿದ್ದಿಷ್ಟು. ಗೆಳೆಯರೊಬ್ಬರು ಒಂದು ಚಿಕ್ಕ ವಿಡಿಯೊ ಕಳಿಸಿದ್ದರು. ಟಿಗ್ರಾನ್ ಒಬ್ಬರೇ ಪಿಯಾನೋ ಮುಂದೆ ಕೂತು, ಗುನುಗುತ್ತಾ, ಅರ್ಮೇನಿಯಾದ ಹಳ್ಳಿಹಾಡಿನಂಥದ್ದೊಂದನ್ನು ನುಡಿಸುತ್ತಿದ್ದರು. ಎದೆಗೇ ನಾಟಿತು. ಹುಡುಕಿದಾಗ 2015ರ 'ಮಾಕ್‌ರೂಟ್' ಸಿಕ್ಕಿತು. ಹೆಸರು ನೋಡಿ ತರಿಸಿಬಿಟ್ಟೆ, ಒಳಗೆ ಏನಿದೆ ಅಂತ ನೋಡಲಿಲ್ಲ. ಹೊರಗಿನಿಂದ ಬರುವ ಸಿಡಿ, ಸಾಗಾಣಿಕೆ ಸೇರಿ 2,000ದ ಹತ್ತಿರ ಆಯಿತು.

'ಮಾಕ್‌ರೂಟ್' ಮೂವರ ತಂಡದ್ದು. ಬಾಸ್‌ಗೆ ಸ್ಯಾಮ್ ಮಿನಾಯಿ, ಡ್ರಮ್ಸ್‌ಗೆ ಆರ್ತರ್ ಹ್ನಾಟೆಕ್. ಒಂದೆರಡು ಶಾಂತವಾದ ತುಣುಕುಗಳನ್ನು ಬಿಟ್ಟರೆ ಹೆವಿ ಮೆಟಲ್‌ನ ಬಿರುಸು ಎಲ್ಲ ಕಡೆ ಇದೆ. ನಾನು ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತಿದ್ದೆ, ಹಾಗಾಗಿ ಐದಕ್ಕೆ ತಕತಕಿಟ, ಏಳಕ್ಕೆ ತಕಿಟ ತಕಧಿಮಿ ಅಂತ ತೊಡೆ ಮೇಲೆ ತಾಳ ಹಾಕುತ್ತಾ ಕೂತೆ, ಆದರೆ ಎಡಗೈ ಒಂದು ಲೆಕ್ಕದಲ್ಲಿ, ಡ್ರಮ್ಸ್ ಇನ್ನೊಂದರಲ್ಲಿ ಹೋಗುವಾಗ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬಂತು ಅಂತಲೇ ಗೊತ್ತಾಗಲಿಲ್ಲ. ಸಂಗೀತ ಕೆಟ್ಟದ್ದಲ್ಲ, ಅದ್ಭುತವೇ. ಆದರೆ ನಾನು ಹುಡುಕಿಕೊಂಡು ಬಂದ ಹಾಡು ಅಲ್ಲಿ ತಾಳದ ಅಡಿಯಲ್ಲಿ ಹೂತುಹೋಗಿತ್ತು.

ಎರಡನೆಯದು 'ಲುಯ್ಸ್ ಇ ಲೂಸೊ'. ಬೆಳಕಿನಿಂದ ಬೆಳಕು ಅಂತ ಅರ್ಥ. ಇದೂ 2015ರದ್ದೇ. ಯೆರೆವಾನ್ ಸ್ಟೇಟ್ ಚೇಂಬರ್ ಕಾಯರ್ ಅನ್ನುವ ಗುಂಪುಗಾಯನದ ತಂಡ ಹಾಡುತ್ತದೆ, ಟಿಗ್ರಾನ್ ಪಿಯಾನೋ ನುಡಿಸುತ್ತಾರೆ. 5ನೇ ಶತಮಾನದಿಂದ 20ನೇ ಶತಮಾನದವರೆಗಿನ ಅರ್ಮೇನಿಯನ್ ಚರ್ಚ್ ಹಾಡುಗಳು. ಮೊದಲೇ ಬರೆದಿಟ್ಟದ್ದನ್ನು ಕಾಯರ್ ಹಾಡುತ್ತದೆ, ಪಿಯಾನೋ ಅದರ ಸುತ್ತ ಹೊಸದಾಗಿ ಹುಟ್ಟುತ್ತಾ ಹೋಗುತ್ತದೆ. ಅರ್ಮೇನಿಯನ್ನರ ನರಮೇಧಕ್ಕೆ ನೂರು ವರ್ಷ ತುಂಬಿದ ಆ ವರ್ಷ ಅವರು ಈ ಹಾಡುಗಳನ್ನು ಹಿಡಿದು ಚರ್ಚಿನಿಂದ ಚರ್ಚಿಗೆ ಹೋದರು. ಕೇಳುವಾಗ ಅದು ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಇದೇ ನನ್ನ ಇಷ್ಟದ್ದಾಗಬೇಕಿತ್ತು. ಆಗಲಿಲ್ಲ, ಅದಕ್ಕೆ ಒಂದೇ ಕಾರಣ: ದನಿಯ ಏರಿಳಿತ.

ನಾನು ಸಂಗೀತ ಕೇಳುವುದು ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದ ಮೇಲೆ, ಹಾಲ್‌ನಲ್ಲಿ, ಫ್ಯಾನ್ ಹಾಕಿಕೊಂಡು. ಈ ಸಿಡಿಯಲ್ಲಿ ಕಾಯರ್ ಶುರುವಾಗುವುದು ಉಸಿರಿನಷ್ಟು ಮೆಲ್ಲಗೆ. ಫ್ಯಾನ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ವಾಲ್ಯೂಮ್ ಜಾಸ್ತಿ ಮಾಡುತ್ತೀರಿ. ಎರಡು ನಿಮಿಷ ಆದ ಮೇಲೆ ಎಲ್ಲರೂ ಒಟ್ಟಿಗೆ ದನಿ ಎತ್ತುತ್ತಾರೆ, ಒಳಗಿನ ರೂಮಿನಲ್ಲಿ ಅಮ್ಮ ಎದ್ದು ಕೂರುತ್ತಾರೆ. ಕಡಿಮೆ ಮಾಡುತ್ತೀರಿ. ಮತ್ತೆ ಪಿಯಾನೋ ಒಂದೊಂದೇ ಸ್ವರ ಉದುರಿಸುವಾಗ ಏನೂ ಇಲ್ಲ. ರಿಮೋಟ್ ಹಿಡಿದು ಕೂತು ಪ್ರಾರ್ಥನೆ ಕೇಳಲು ಆಗುತ್ತದಾ?

ಹೆಡ್‌ಫೋನ್ ಹಾಕಿ ನೋಡಿದೆ. ಅಮ್ಮ ರಾತ್ರಿ ನೀರಿಗೆ ಕರೆದರೆ ಕೇಳಬೇಕು, ಹಾಗಾಗಿ ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಫೋನಿಗೆ ಹಾಕಿಕೊಂಡು, ದನಿಯನ್ನು ಸಮ ಮಾಡುವ ಆಯ್ಕೆ ಇರುತ್ತದಲ್ಲ, ಅದನ್ನೂ ಒತ್ತಿದೆ. ಆಗ ಮೆಲ್ಲಗಿದ್ದದ್ದು, ಜೋರಾಗಿದ್ದದ್ದು ಎಲ್ಲ ಒಂದೇ ಎತ್ತರಕ್ಕೆ ಬಂತು. ದೂರದಲ್ಲಿ ಶುರುವಾಗಿ ಹತ್ತಿರ ಬರುವ ಹಾಡು ಮೊದಲಿನಿಂದಲೇ ಕಿವಿಯ ಪಕ್ಕ ನಿಂತಿತ್ತು. ಹಾಡಿನ ಜೀವವೇ ಹೋದ ಹಾಗಾಯಿತು. ಒಂದು ವಾರ ಬೆಳಗ್ಗೆ ಐದಕ್ಕೆ ಎದ್ದು, ಹಾಲು ಬರುವ ಮೊದಲು, ಫ್ಯಾನ್ ಆರಿಸಿ ಕೇಳಿದೆ. ಆ ವಾರ ಮರೆಯುವುದಿಲ್ಲ. ಆದರೆ ದಿನಾ ಐದಕ್ಕೆ ಏಳುವ ಅಭ್ಯಾಸ ನನಗಿಲ್ಲ. ನಿಮಗಿದ್ದರೆ ನನ್ನ ಮಾತು ಬಿಟ್ಟು ಇದನ್ನೇ ಕೊಳ್ಳಿ.

ಇನ್ನು ಮೂರನೆಯದು. 'ಆ್ಯನ್ ಏನ್‌ಷಿಯಂಟ್ ಅಬ್ಸರ್ವರ್'ನಲ್ಲಿ ಟಿಗ್ರಾನ್ ಒಬ್ಬರೇ. ಪಿಯಾನೋ, ಗಂಟಲು, ಅಲ್ಲಲ್ಲಿ ಸ್ವಲ್ಪ ಸಿಂಥಸೈಜರ್. ಹತ್ತು ರಚನೆಗಳು, ಅವುಗಳಲ್ಲಿ ಎರಡಕ್ಕೆ ಮಾತ್ರ ಅರ್ಮೇನಿಯನ್ ಧಾಟಿಗಳೇ ಆಧಾರ. ಉಳಿದವು ಅವರದೇ. ಆದರೂ ಮೂರರಲ್ಲಿ ಹಳ್ಳಿಹಾಡು ನನಗೆ ಜಾಸ್ತಿ ಕೇಳಿಸುವುದು ಇದರಲ್ಲೇ.

ಅದು ಯಾಕೆ ಅಂತ ತುಂಬಾ ದಿನ ಯೋಚಿಸಿದ್ದೇನೆ. ಅರ್ಮೇನಿಯಾದಲ್ಲಿ ದುದುಕ್ ಅಂತ ಒಂದು ವಾದ್ಯ ಇದೆ. ಏಪ್ರಿಕಾಟ್ ಮರದ್ದು, ಊದುವುದು. ಒಬ್ಬರು ಹಾಡು ನುಡಿಸಿದರೆ ಪಕ್ಕದಲ್ಲಿ ಇನ್ನೊಬ್ಬರು ಒಂದೇ ಸ್ವರ ಹಿಡಿದು ನಿಲ್ಲಿಸುತ್ತಾರೆ, ನಮ್ಮ ನಾಗಸ್ವರದ ಜೊತೆಗಿನ ಒತ್ತಿನ ಹಾಗೆ. ಅದಕ್ಕೆ ಅವರು ದಮ್ ಅನ್ನುತ್ತಾರೆ. ಪಿಯಾನೋದಲ್ಲಿ ಹಾಗೆ ಸ್ವರ ನಿಲ್ಲಿಸಲು ಆಗುವುದಿಲ್ಲ, ಒತ್ತಿದ ಕ್ಷಣದಿಂದಲೇ ಕರಗುತ್ತದೆ. ಗಮಕವೂ ಇಲ್ಲ, ಎರಡು ಮನೆಗಳ ನಡುವೆ ಜಾರಲು ಜಾಗವಿಲ್ಲ. ಟಿಗ್ರಾನ್ ಎಡಗೈಯಲ್ಲಿ ಅದೇ ಸ್ವರವನ್ನು ಮತ್ತೆ ಮತ್ತೆ ತಟ್ಟಿ ದಮ್ ಉಳಿಸಿಕೊಳ್ಳುತ್ತಾರೆ, ಬಲಗೈಯಲ್ಲಿ ಪಕ್ಕದ ಸ್ವರವನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿ ಬರುತ್ತಾರೆ, ಪಿಯಾನೋಗೆ ಆಗದ ಜಾರು ಬೇಕಾದಾಗ ಬಾಯಲ್ಲಿ ಗುನುಗಿಬಿಡುತ್ತಾರೆ. ಈ ದಾರಿ ಹಳೆಯದು. ಸಾವಿರಾರು ಹಳ್ಳಿಹಾಡು ಕೂಡಿಸಿಟ್ಟ ಪಾದ್ರಿ ಕೋಮಿತಾಸ್ (1869–1935) ತಮ್ಮ ಪಿಯಾನೋ ಕುಣಿತಗಳಲ್ಲಿ, ಇದನ್ನು ಯಾವ ಜನಪದ ವಾದ್ಯದ ಹಾಗೆ ನುಡಿಸಬೇಕು ಅಂತ ಬರೆದಿಟ್ಟಿದ್ದರು. ಮೂವರ ತಂಡದಲ್ಲಿ ಬಾಸ್ ಆ ಜಾಗ ತುಂಬಿಬಿಡುತ್ತದೆ, ಕಾಯರ್ ಇದ್ದಾಗ ದನಿಗಳೇ ತುಂಬುತ್ತವೆ. ಒಬ್ಬರೇ ಇದ್ದಾಗ ಮಾತ್ರ ಆ ಕೆಲಸ ಬೆರಳಿನಲ್ಲಿ ಕಾಣುತ್ತದೆ.

ಒಂಬತ್ತನೆಯದರ ಹೆಸರು 'ಲೆನಿನಗಾನ್'. ಟಿಗ್ರಾನ್ 1987ರಲ್ಲಿ ಹುಟ್ಟಿದ ಗ್ಯುಮ್ರಿ ಊರಿಗೆ ಸೋವಿಯತ್ ಕಾಲದಲ್ಲಿ ಲೆನಿನಕಾನ್ ಅಂತ ಹೆಸರಿತ್ತು. 1988ರ ಡಿಸೆಂಬರ್ ಭೂಕಂಪದಲ್ಲಿ ಆ ಊರು ಕುಸಿದಾಗ ಅವರು ಒಂದೂವರೆ ವರ್ಷದ ಮಗು. ಇದು ಗೊತ್ತಾದ ರಾತ್ರಿ ಆ ತುಣುಕನ್ನು ಮೂರು ಸಲ ಹಾಕಿದೆ.

ಫ್ಯಾನ್ ಸದ್ದಿನಲ್ಲೂ ಈ ಸಿಡಿ ಚೆನ್ನಾಗಿ ಕೇಳುತ್ತದೆ. ಕೊರತೆ ಅಂದರೆ ಸಿಂಥಸೈಜರ್ ಎರಡು ಕಡೆ ನನಗೆ ಬೇಡವೆನಿಸಿತು, ಅಷ್ಟೇ.

2022ರ 'ಸ್ಟ್ಯಾಂಡ್‌ಆರ್ಟ್' ಅಮೆರಿಕದ ಹಳೆಯ ಜಾಜ್ ಹಾಡುಗಳದ್ದು. ಅರ್ಮೇನಿಯಾಕ್ಕಾಗಿ ಬರುವವರು ಅದನ್ನು ಆಮೇಲೆ ನೋಡಬಹುದು. ನನ್ನ ಲೆಕ್ಕದಲ್ಲಿ ಮೂರು ತಿಂಗಳಿಗೆ ಒಂದು ಸಿಡಿ, ಮುಂದಿನದು 2011ರ 'ಅ ಫೇಬಲ್'. ಅದೂ ಒಬ್ಬರೇ ನುಡಿಸಿದ್ದು, ಕೋಮಿತಾಸ್ ಅವರ 'ಕಕಾವಿಕ್' ಅದರಲ್ಲಿದೆ.

'ಮಾಕ್‌ರೂಟ್' ಈಗ ಅಕ್ಕನ ಮಗನ ಹತ್ತಿರ ಇದೆ. ಡ್ರಮ್ಸ್ ಕಲಿಯುತ್ತಿದ್ದಾನೆ. ಹೋದ ಭಾನುವಾರ ಬಂದವನು ಊಟದ ಮೇಜಿನ ಮೇಲೆ ಎರಡೂ ಕೈಯಲ್ಲಿ ತಟ್ಟಿ, "ಮಾಮಾ, ಸಮ ಇಲ್ಲಿ ಬರುತ್ತೆ ನೋಡಿ" ಅಂತ ತೋರಿಸಿದ. ಸರಿಯಾಗಿತ್ತು. ಇನ್ನೊಂದು ತಿಂಗಳು ಅವನ ಹತ್ತಿರವೇ ಇರಲಿ ಅಂದೆ.