26,300 ಕಿಲೋಮೀಟರ್ ಓಡಿದ ಓ-ರಿಂಗ್ ಚೈನ್ ಕಿಟ್: ಚೈನು ಬಾಳಿತು, ಲಾಕು ಕೈಕೊಟ್ಟಿತು

ಕಳೆದ ಶನಿವಾರ ಬೈಕಿನ ಚೈನ್ ಕಿಟ್, ಅಂದರೆ ಚೈನು ಮತ್ತು ಅದು ಓಡುವ ಎರಡು ಹಲ್ಲುಚಕ್ರ (ಸ್ಪ್ರಾಕೆಟ್), ಬದಲಾಯಿಸಿದೆ. ಬಿಚ್ಚಿ ತೆಗೆದ ಹಳೇ ಕಿಟ್ ಹಾಕಿಸಿದ್ದು 2021ರ ಅಕ್ಟೋಬರಿನಲ್ಲಿ, ಆಯುಧ ಪೂಜೆಗೆ ಒಂದು ವಾರ ಮುಂಚೆ. ಆಗ ಮೀಟರಿನಲ್ಲಿ 28,400 ಇತ್ತು, ಈಗ 54,700. ಇದೆಲ್ಲ ಬರೆದಿಟ್ಟುಕೊಳ್ಳುವ ಚಟ ನನಗೆ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ದಿನವಿಡೀ ವರ್ನಿಯರ್ ಹಿಡಿದು ಬೇರೆಯವರ ಮಾಲು ಅಳೆಯುವವನು ಸ್ವಂತ ಬೈಕಿನ ಚೈನು ಅಳೆಯದೆ ಇರುತ್ತಾನಾ?

ಗಾಡಿ 150 ಸಿಸಿ, 2017ರದ್ದು. 428 ಸೈಜಿನ ಚೈನು, ಮೇಲೆ ಅರ್ಧ ಕವರ್ ಬಿಟ್ಟರೆ ಪೂರ್ತಿ ಬಯಲು. ದಿನಾ ನಾಗರಬಾವಿಯಿಂದ ಪೀಣ್ಯ ಎರಡನೇ ಹಂತಕ್ಕೆ, ರಿಂಗ್ ರೋಡಿನಲ್ಲಿ ಸುಮನಹಳ್ಳಿ, ಲಗ್ಗೆರೆ ದಾಟಿಕೊಂಡು ಹೋಗಿ ಬರುವುದು. ತಿಂಗಳಿಗೊಮ್ಮೆ ಮಾಗಡಿ ಮೇಲೆ ಕುಣಿಗಲ್ ಹತ್ತಿರದ ನಮ್ಮೂರಿಗೆ. ಅಂದರೆ ವಾರವೆಲ್ಲ ಲಾರಿಗಳ ಹಿಂದೆ ಧೂಳು, ಊರಿಗೆ ಹೋದಾಗ ಮಣ್ಣಿನ ರಸ್ತೆ. ನಮ್ಮಪ್ಪನ ಹಳೇ ಬೈಕಿಗೆ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಡಬ್ಬಿ ಇತ್ತು. ಅದರೊಳಗೆ ಚೈನು ಅಂತ ಒಂದು ವಸ್ತು ಇದೆ ಅನ್ನುವುದೇ ಅವರಿಗೆ ವರ್ಷಕ್ಕೊಮ್ಮೆ ನೆನಪಾಗುತ್ತಿತ್ತು. ನಮ್ಮ ಕಾಲದ ಬೈಕುಗಳಲ್ಲಿ ಸ್ಟೈಲಿಗೋಸ್ಕರ ಆ ಡಬ್ಬಿ ಹೋಯಿತು, ಕೆಲಸ ನಮ್ಮ ತಲೆಗೆ ಬಂತು.

ಕಂಪನಿಯಿಂದ ಬಂದ ಮಾಮೂಲಿ ಚೈನು 19,000 ಕಿಲೋಮೀಟರಿಗೆ ಮುಗಿಯಿತು. ಆಗ ಮೊದಲ ತಪ್ಪು ಮಾಡಿದೆ. "ಸ್ಪ್ರಾಕೆಟ್ ಚೆನ್ನಾಗಿದೆ ಸಾರ್, ಚೈನ್ ಒಂದೇ ಹಾಕಿ, ದುಡ್ಡು ಉಳಿಯುತ್ತೆ" ಅಂದರು ಗ್ಯಾರೇಜಿನವರು. ಹಾಕಿಸಿದೆ. ಆ ಹೊಸ ಚೈನು 9,400 ಕಿಲೋಮೀಟರಿಗೇ ಜೋತುಬಿತ್ತು. ಕಾರಣ ಕಷ್ಟದ್ದೇನಲ್ಲ. ಹಳೇ ಚೈನಿನ ಜೊತೆ ಓಡಿ ಓಡಿ ಸ್ಪ್ರಾಕೆಟ್ಟಿನ ಹಲ್ಲುಗಳೂ ಅದರ ಅಳತೆಗೇ ಸವೆದಿರುತ್ತವೆ. ಹೊಸ ಚೈನಿನ ಉರುಳೆಗಳು ಅಲ್ಲಿ ಸರಿಯಾಗಿ ಕೂರುವುದಿಲ್ಲ, ಎಲ್ಲ ಹಲ್ಲುಗಳೂ ಹಂಚಿಕೊಳ್ಳಬೇಕಾದ ಭಾರ ಒಂದೆರಡರ ಮೇಲೆ ಬೀಳುತ್ತದೆ. ಚೈನು, ಮುಂದಿನ ಚಿಕ್ಕ ಸ್ಪ್ರಾಕೆಟ್, ಹಿಂದಿನ ದೊಡ್ಡದು, ಮೂರೂ ಒಟ್ಟಿಗೇ ಹೋಗಬೇಕು. ಉಳಿಸಿದ ಐನೂರು ಚಿಲ್ಲರೆ ರೂಪಾಯಿ ಹೀಗೆ ಹೋಯಿತು.

ಎರಡನೇ ಸಲ ನಾನೇ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದೆ. ನಮ್ಮಂಥ ಗಾಡಿಗಳಿಗೆ ಅಲ್ಲಿ ಹೆಚ್ಚಾಗಿ ಸಿಗುವುದು ಕೊಯಮತ್ತೂರಿನ ರೋಲಾನ್, ಚೆನ್ನೈನ ಡೈಮಂಡ್, ಇಲ್ಲಾಂದರೆ ಗಾಡಿ ಕಂಪನಿಯದೇ ಪ್ಯಾಕೆಟ್. ನಾನು ತಗೊಂಡದ್ದು ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಮಾಮೂಲಿ ಕಿಟ್ 1,350 ರೂಪಾಯಿ, ಓ-ರಿಂಗ್ ಕಿಟ್ 2,250. ಕೌಂಟರಿನಲ್ಲಿದ್ದವರು ಹೇಳಿದ್ದು ಎರಡೇ ಮಾತು: "ಓ-ರಿಂಗ್ ಹಾಕ್ಕೊಳ್ಳಿ ಸಾರ್. ಹಾಕಿ ಮರೆತುಬಿಡಿ."

ಮೊದಲನೆಯದು ಸರಿ. ಎರಡನೆಯದು ವ್ಯಾಪಾರ.

ಚೈನು ಉದ್ದ ಆಗುತ್ತೆ, ಎಳೆದುಕೊಳ್ಳುತ್ತೆ ಅಂತ ನಾವೆಲ್ಲ ಹೇಳುತ್ತೇವೆ. ಆದರೆ ಕಬ್ಬಿಣ ರಬ್ಬರಿನ ಹಾಗೆ ಎಳೆದುಕೊಳ್ಳುವುದಿಲ್ಲ. ಪ್ರತಿ ಕೊಂಡಿಯಲ್ಲೂ ಒಂದು ಪಿನ್ನು, ಅದರ ಸುತ್ತ ಒಂದು ಬುಷ್, ಅಂದರೆ ಸಣ್ಣ ಕೊಳವೆ, ಇರುತ್ತದೆ. ಅವೆರಡರ ನಡುವೆ ಸವೆತ ಆಗಿ, ಒಂದೊಂದು ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಬರುತ್ತದೆ. ನೂರಕ್ಕೂ ಜಾಸ್ತಿ ಕೊಂಡಿಗಳ ಸಡಿಲ ಸೇರಿದರೆ ಚೈನು ಜೋತುಬೀಳುತ್ತದೆ, ಅಷ್ಟೇ. ಓ-ರಿಂಗ್ ಚೈನಿನಲ್ಲಿ ಆ ಪಿನ್ನಿನ ಸುತ್ತ ಕಾರ್ಖಾನೆಯಲ್ಲೇ ಗ್ರೀಸು ತುಂಬಿ, ಎರಡು ಪಟ್ಟಿಗಳ ನಡುವೆ ಸಣ್ಣ ರಬ್ಬರ್ ಬಳೆ ಕೂರಿಸಿರುತ್ತಾರೆ. ಗ್ರೀಸು ಹೊರಗೆ ಬರಲ್ಲ, ಧೂಳು ನೀರು ಒಳಗೆ ಹೋಗಲ್ಲ. ಆದರೆ ಹೊರಗಿನ ಉರುಳೆಗೆ, ಸ್ಪ್ರಾಕೆಟ್ ಹಲ್ಲಿಗೆ ಆ ಗ್ರೀಸು ತಲುಪುವುದಿಲ್ಲ. ರಬ್ಬರ್ ಬಳೆಯೂ ಒಣಗಬಾರದು. ಹಾಗಾಗಿ ಆಯಿಲ್ ಹಾಕುವ ಕೆಲಸ ನಮಗೆ ತಪ್ಪಿದ್ದಲ್ಲ.

ಈಗ ಲಾಕಿನ ಕಥೆ. ಚೈನಿನ ಎರಡು ತುದಿ ಸೇರಿಸುವ ಕೊಂಡಿಗೆ ನಮ್ಮಲ್ಲಿ ಚೈನ್ ಲಾಕ್ ಅನ್ನುತ್ತಾರೆ. ಓ-ರಿಂಗ್ ಚೈನಿನ ಲಾಕಿಗೆ ನಾಲ್ಕು ಬಳೆ. ಎರಡನ್ನು ಮೊದಲೇ ಪಿನ್ನಿಗೆ ಹಾಕಿ ಹಿಂದಿನಿಂದ ತೂರಿಸಬೇಕು, ಇನ್ನೆರಡನ್ನು ಈ ಕಡೆಯಿಂದ ಹಾಕಿ ಆಮೇಲೆ ಹೊರಪಟ್ಟಿ, ಅದರ ಮೇಲೆ ಕ್ಲಿಪ್. ರಬ್ಬರ್ ಒತ್ತುವುದರಿಂದ ಹೊರಪಟ್ಟಿ ಬರಿಗೈಯಲ್ಲಿ ಪೂರ್ತಿ ಒಳಗೆ ಹೋಗಲ್ಲ. ಪ್ಲೈಯರಿನಲ್ಲಿ ಒತ್ತಿ ಹಿಡಿದರೆ ಮಾತ್ರ ಕ್ಲಿಪ್ಪಿನ ಕಚ್ಚು ಕಾಣುತ್ತದೆ. ನನ್ನ ಗಾಡಿಗೆ ಹಾಕಿದ ಹುಡುಗ ಎರಡು ಸಲ ಒತ್ತಿ ನೋಡಿದ, ಕೂರಲಿಲ್ಲ. ಈ ಕಡೆಯ ಎರಡು ಬಳೆ ತೆಗೆದು ಬನಿಯನ್ ಬಟ್ಟೆಯ ಮೇಲಿಟ್ಟು, ಪಟಕ್ಕನೆ ಕ್ಲಿಪ್ ಹಾಕಿಬಿಟ್ಟ. ಇವು ಅಂತ ಕೇಳಿದೆ. "ಅವು ಎಕ್ಸ್‌ಟ್ರಾ ಸಾರ್, ಇಟ್ಕೊಂಡಿರಿ, ಬೇಕಾಗುತ್ತೆ." ಕ್ವಾಲಿಟಿ ವಿಭಾಗದವನು ನಾನು, ತಲೆಯಾಡಿಸಿ ಆ ಎರಡು ಬಳೆಯನ್ನು ಬಿಲ್ಲಿನ ಜೊತೆ ಜೋಪಾನವಾಗಿ ಮನೆಗೆ ತಂದೆ!

ಆರು ತಿಂಗಳು, 3,900 ಕಿಲೋಮೀಟರ್. ನಿಧಾನವಾಗಿ ಹೋಗುವಾಗ ಕೆಳಗಿನಿಂದ ಟಕ್ ಅಂತ ಶಬ್ದ, ಸ್ವಲ್ಪ ಬಿಟ್ಟು ಮತ್ತೆ ಟಕ್. ಡಬಲ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಒಂದೊಂದು ಕೊಂಡಿ ನೋಡಿಕೊಂಡು ಬಂದೆ. ಎಲ್ಲವೂ ಕಪ್ಪು, ಲಾಕಿನ ಹತ್ತಿರ ಮಾತ್ರ ಒಣ ಕುಂಕುಮದಂಥ ಕೆಂಪು ಪುಡಿ. ಒಳಗಿನ ಗ್ರೀಸು ಹೋಗಿ ಪಿನ್ನು ಒಣಗಿ ತುಕ್ಕು ಹಿಡಿದರೆ ಹೀಗೆ ಪುಡಿ ಹೊರಗೆ ಬರುತ್ತದೆ. ಕೊಂಡಿ ಬೆರಳಲ್ಲಿ ಮಡಚಿದರೆ ಮಡಚುತ್ತಿಲ್ಲ, ಹಾಗೇ ನಿಂತುಬಿಡುತ್ತಿತ್ತು. ಮಿಕ್ಕ ಚೈನಿಗೆ ಏನೂ ಆಗಿರಲಿಲ್ಲ. 120 ರೂಪಾಯಿ ಕೊಟ್ಟು ಹೊಸ ಲಾಕು ತಂದು, ಗ್ರೀಸು ಹಚ್ಚಿ, ನಾಲ್ಕೂ ಬಳೆ ಹಾಕಿ ನಾನೇ ಕೂರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು, ಹೆಬ್ಬೆರಳು ಕಿತ್ತಿತು. ಅದಾದ ಮೇಲೆ 22,400 ಕಿಲೋಮೀಟರ್ ಆ ಲಾಕು ತಕರಾರು ಮಾಡಲಿಲ್ಲ.

ಕ್ಲಿಪ್ ಹಾಕುವ ದಿಕ್ಕನ್ನೂ ನೋಡಿಕೊಳ್ಳಿ. ಅದು ಮೀನಿನ ಆಕಾರದಲ್ಲಿರುತ್ತದೆ. ಚೈನು ಓಡುವ ಕಡೆಗೆ ಮೀನಿನ ತಲೆ, ಅಂದರೆ ಮುಚ್ಚಿದ ತುದಿ, ಇರಬೇಕು. ಬಾಲ ಮುಂದಾದರೆ ಯಾವುದಕ್ಕಾದರೂ ತಗುಲಿ ಕಳಚಿಕೊಳ್ಳಬಹುದು.

ಅಳತೆಗೆ ಬರೋಣ. 428 ಅನ್ನುವುದರ ಮೊದಲ 4 ಅಂದರೆ ಎಂಟರಲ್ಲಿ ನಾಲ್ಕು ಭಾಗ, ಅರ್ಧ ಇಂಚು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್. 21 ಪಿನ್ನು ಎಣಿಸಿ ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಅಳೆದರೆ ಸರಿಯಾಗಿ 10 ಇಂಚು, 254 ಮಿಲಿಮೀಟರ್. ನಿಮ್ಮದು 520 ಚೈನಾದರೆ 17 ಪಿನ್ನು ಎಣಿಸಿ, ಅದೂ ಅದೇ 10 ಇಂಚು. ಮಗಳ ಕಂಪಾಸ್ ಬಾಕ್ಸಿನ ಸ್ಕೇಲು ಸಾಲದು, ಒಂದಡಿಯ ಸ್ಟೀಲ್ ಸ್ಕೇಲು ಸಾಕು. ಇಂಜಿನ್ ಆಫ್ ಮಾಡಿ, ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ಒತ್ತಿದರೆ ಕೆಳಗಿನ ಚೈನು ಬಿಗಿಯಾಗುತ್ತದೆ, ಆಗ ಅಳೆಯಿರಿ. ಜೊತೆಗೊಬ್ಬರಿದ್ದರೆ ಸುಲಭ. ನನ್ನ ಹೆಂಡತಿ ಚಕ್ರ ಒತ್ತಿ ಹಿಡಿದು "ಇದಕ್ಕೇನಾ ಭಾನುವಾರ ಬೇಗ ಎಬ್ಬಿಸಿದ್ದು?" ಅಂತ ಕೇಳಿದಳು.

8,000 ಕಿಲೋಮೀಟರಿನಲ್ಲಿ 254 ಬಿಟ್ಟು ಅಲ್ಲಾಡಿದ ಹಾಗೆ ಸ್ಕೇಲಿನಲ್ಲಿ ಕಾಣಲಿಲ್ಲ. 18,000ಕ್ಕೆ 255ರ ಮೇಲೆ ಅರ್ಧ. ಈಗ ಬಿಚ್ಚುವ ಹೊತ್ತಿಗೆ 257. ಶೇಕಡಾ ಒಂದಕ್ಕಿಂತ ಚೂರು ಜಾಸ್ತಿ. ಶೇಕಡಾ ಎರಡರವರೆಗೂ ಎಳೆಯುವವರಿದ್ದಾರೆ, ಆದರೆ ಅಷ್ಟರಲ್ಲಿ ಸ್ಪ್ರಾಕೆಟ್ ಹಲ್ಲು ಕೊಕ್ಕೆಯಾಗಿರುತ್ತದೆ. ಸ್ಕೇಲು ಹಿಡಿಯುವಷ್ಟು ತಾಳ್ಮೆ ಇಲ್ಲದವರು ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಎಳೆದು ನೋಡಲಿ. ಅರ್ಧ ಹಲ್ಲಿಗಿಂತ ಜಾಸ್ತಿ ಕಾಣಿಸಿದರೆ ಜೆ.ಸಿ. ರೋಡಿನ ದಾರಿ ಹಿಡಿಯುವುದೇ.

ಟೈಟ್ ಮಾಡುವ ಕೆಲಸ ಬಹಳ ಕಮ್ಮಿಯಾಯಿತು. ಮಾಮೂಲಿ ಚೈನಿಗೆ ಸಾವಿರ ಕಿಲೋಮೀಟರಿಗೊಮ್ಮೆ ಸ್ಪ್ಯಾನರ್ ಹಿಡಿಯುತ್ತಿದ್ದವನು ಇದಕ್ಕೆ ಮೂರು ಸಾವಿರಕ್ಕೊಮ್ಮೆ ಹಿಡಿದಿದ್ದೇನೆ. ಎಷ್ಟು ಸಡಿಲ ಇರಬೇಕು, ಅಂದರೆ ಕೆಳಗಿನ ಚೈನು ನಡುವೆ ಎಷ್ಟು ಮೇಲೆ ಕೆಳಗೆ ಆಡಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲೇ ಇರುತ್ತದೆ, ನನ್ನದಕ್ಕೆ 20ರಿಂದ 30 ಮಿಲಿಮೀಟರ್. ಒಂದೇ ಜಾಗದಲ್ಲಿ ನೋಡಬೇಡಿ, ಚಕ್ರ ತಿರುಗಿಸಿ ನಾಲ್ಕೈದು ಕಡೆ ನೋಡಿ, ಎಲ್ಲಿ ಜಾಸ್ತಿ ಬಿಗಿ ಇದೆಯೋ ಅಲ್ಲಿಗೆ ಹೊಂದಿಸಿ. ಶಬ್ದ ಬರುತ್ತೆ ಅಂತ ವೀಣೆಯ ತಂತಿ ಥರ ಬಿಗಿಯುವವರೇ ಜಾಸ್ತಿ. ಇಬ್ಬರು ಕೂತು ಗುಂಡಿಗೆ ಇಳಿದಾಗ ಚೈನು ಇನ್ನೂ ಬಿಗಿಯಾಗುತ್ತದೆ, ಆ ಎಳೆತ ಪೂರ್ತಿ ಗೇರ್‌ಬಾಕ್ಸಿನ ಬೇರಿಂಗಿಗೂ ಹಿಂದಿನ ಚಕ್ರದ ಬೇರಿಂಗಿಗೂ ಹೋಗುತ್ತದೆ. ಚೂರು ಸಡಿಲ ಇದ್ದರೆ ಪರವಾಗಿಲ್ಲ, ಬಿಗಿ ಬೇಡ. ಹಿಂದೆ ಡ್ರಮ್ ಬ್ರೇಕ್ ಇರುವವರು ಟೈಟ್ ಮಾಡಿದ ಮೇಲೆ ಬ್ರೇಕ್ ಪೆಡಲನ್ನೂ ಒತ್ತಿ ನೋಡಿ. ಚಕ್ರ ಹಿಂದಕ್ಕೆ ಸರಿದರೆ ಬ್ರೇಕಿನ ಅಂತರವೂ ಬದಲಾಗಿರುತ್ತದೆ.

ಆಯಿಲ್ ವಿಷಯದಲ್ಲಿ ಮೊದಲ ವರ್ಷ ಸ್ಪ್ರೇ ಡಬ್ಬ ತಂದೆ. ಚೆನ್ನಾಗಿದೆ, ಪ್ಯಾಂಟಿಗೆ ಹಾರಲ್ಲ, ಆದರೆ ಧೂಳನ್ನು ಹಿಡಿದು ಕಪ್ಪು ಮೇಣದ ಥರ ಆಗುತ್ತದೆ. ಆಮೇಲೆ 90 ನಂಬರ್ ಗೇರ್ ಆಯಿಲಿಗೇ ವಾಪಸ್ ಬಂದೆ. ಸಂಜೆ ಮನೆಗೆ ಬಂದ ತಕ್ಷಣ, ಚೈನು ಬೆಚ್ಚಗಿರುವಾಗ, ಒಳಭಾಗಕ್ಕೆ ಬ್ರಷ್ಷಿನಲ್ಲಿ ಹಚ್ಚಿ ಹದಿನೈದು ನಿಮಿಷ ಬಿಟ್ಟು ಒರೆಸುತ್ತೇನೆ. ಒರೆಸದಿದ್ದರೆ ಬೆಳಗ್ಗೆ ರಿಮ್ಮಿನ ಮೇಲೆ ರಂಗೋಲಿ. ಮಾಮೂಲಿ ದಿನಗಳಲ್ಲಿ 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಆವತ್ತೇ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆ ತಿಂಗಳು ನಾನು ವಾರಕ್ಕೆರಡು ಸಲ ಹಚ್ಚಿದೆ. ಮಾಮೂಲಿ ಚೈನಾಗಿದ್ದರೆ ಆ ಮಳೆಗಾಲ ದಾಟುತ್ತಿರಲಿಲ್ಲ ಅಂತ ನನ್ನ ಅಂದಾಜು.

ತೊಳೆಯುವುದಕ್ಕೆ ಸೀಮೆಎಣ್ಣೆ ಒಳ್ಳೇದು, ಸಿಕ್ಕರೆ. ಪೆಟ್ರೋಲ್ ಬೇಡ, ರಬ್ಬರ್ ಬಳೆ ಹಾಳಾಗುತ್ತದೆ. ತಂತಿ ಬ್ರಷ್ ಕೂಡ ಬೇಡ, ಹಳೇ ಟೂತ್‌ಬ್ರಷ್ ಸಾಕು. ಆಯುಧ ಪೂಜೆ ಬಂತೆಂದರೆ ವಾಟರ್ ವಾಶ್ ಅಂಗಡಿ ಮುಂದೆ ಎಲ್ಲರೂ ಕ್ಯೂ ನಿಲ್ಲುತ್ತೇವಲ್ಲ, ಅಲ್ಲಿ ಪ್ರೆಷರ್ ಪೈಪನ್ನು ನೇರ ಚೈನಿಗೇ ಹಿಡಿಯುತ್ತಾರೆ. ಆ ರಭಸಕ್ಕೆ ನೀರು ಬಳೆ ದಾಟಿ ಒಳಗೆ ಹೋಗಬಹುದು. ಈಗ ನಾನು ಮೊದಲೇ ಹೇಳಿಬಿಡುತ್ತೇನೆ, "ಅಣ್ಣ, ಚೈನಿಗೆ ಮಾತ್ರ ಹೊಡೀಬೇಡಿ."

ಇನ್ನೊಂದು, ಸ್ಟ್ಯಾಂಡ್ ಹಾಕಿ ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ದಿನಾ ನೋಡುತ್ತೇನೆ. ನಮ್ಮ ಏರಿಯಾದ ಮೆಕ್ಯಾನಿಕ್ ಅಣ್ಣನ ತೋರುಬೆರಳಿಗೆ ಉಗುರೇ ಇಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸಿ ಸ್ವಾಮಿ.

ಇಷ್ಟವಾಗದ್ದೂ ಇದೆ. ಹೊಸದರಲ್ಲಿ ರಬ್ಬರ್ ಬಿಗಿಯಿಂದ ಚಕ್ರ ಸ್ವಲ್ಪ ಭಾರ, ಕೈಯಲ್ಲಿ ತಿರುಗಿಸಿದರೆ ಬೇಗ ನಿಲ್ಲುತ್ತದೆ. ಮೈಲೇಜಿನಲ್ಲಿ ಮಾತ್ರ ನನಗೆ ವ್ಯತ್ಯಾಸ ಕಾಣಲಿಲ್ಲ. ಹಿಂದಿನ ಸ್ಪ್ರಾಕೆಟ್ ಚೆನ್ನಾಗಿ ಉಳಿಯಿತು, ಮುಂದಿನದು ಅಷ್ಟು ಉಳಿಯಲಿಲ್ಲ. ಅದರಲ್ಲಿ ಹಲ್ಲು ಕಮ್ಮಿ, ಪ್ರತಿ ಹಲ್ಲಿಗೂ ಏಟು ಜಾಸ್ತಿ. ಮತ್ತೆ, 20,000 ದಾಟಿದ ಮೇಲೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಫಸ್ಟ್ ಗೇರಿನಲ್ಲಿ ತೆವಳುವಾಗ ಜರ್ಕ್ ಹೊಡೆಯುತ್ತಿತ್ತು. ಚೈನನ್ನು ಬೈದುಕೊಂಡೆ. ಅದು ಚೈನಲ್ಲ, ಹಿಂದಿನ ಚಕ್ರದ ಒಳಗಿರುವ ಕಪ್ಲಿಂಗ್ ರಬ್ಬರ್. ಆ ರಬ್ಬರ್ ಬದಲಾಯಿಸಿದ ಮೇಲೆ ಜರ್ಕ್ ನಿಂತಿತು. ಹೇಗೂ ಚಕ್ರ ಬಿಚ್ಚುತ್ತಾರೆ, ಕಿಟ್ ಹಾಕಿಸುವಾಗಲೇ ಅದನ್ನೂ ನೋಡಿಸಿಕೊಳ್ಳಿ.

ಶನಿವಾರ ಮತ್ತೆ ಓ-ರಿಂಗ್ ಕಿಟ್ಟನ್ನೇ ಹಾಕಿಸಿದೆ. ಬೆಲೆ ಏರಿದೆ, 2,600 ಆಯಿತು, ಕೂಲಿ 350. ಸ್ಪ್ರಾಕೆಟ್ಟುಗಳನ್ನು ಮೆಕ್ಯಾನಿಕ್ ಕೂರಿಸಿದರು. ಲಾಕಿನ ಹೊತ್ತಿಗೆ "ಅಣ್ಣ, ಇದೊಂದು ನಾನು ಹಾಕ್ತೀನಿ" ಅಂತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವರು ನಗುತ್ತಾ ಪ್ಲೈಯರ್ ಕೊಟ್ಟರು. ಎರಡು ಬಳೆ ಆ ಕಡೆ, ಎರಡು ಈ ಕಡೆ. ಮೊದಲ ಸಲದ ಆ "ಎಕ್ಸ್‌ಟ್ರಾ" ಬಳೆಗಳೆರಡು ಇನ್ನೂ ಹಳೇ ಬಿಲ್ಲಿನ ಜೊತೆ ಡ್ರಾಯರಿನಲ್ಲಿವೆ.